ನೆಂಟನ ಹೊಟ್ಟೆಯೊಳಗೆ

ಎಲ್ಲಕ್ಕೂ ಮೂಲ ಹೆಂಡತಿಯ ಬಲಗಾಲಿನ ಕಿರುಬೆರಳು. ಭಾನುವಾರ ಕಸ ಗುಡಿಸುವಾಗ ಅದು ಮಂಚದಡಿಯ ಒಂದು ಗುಂಡು ಕಲ್ಲಿಗೆ ಬಡಿದು ಊದಿಕೊಂಡಿತು. ಊದಿದ್ದು ಒಂದೇ ಬೆರಳಾದರೂ ಮೀಟರಯ್ಯನವರ ಹನ್ನೊಂದು ವರ್ಷದ ಸಂಸಾರಕ್ಕೇ ಕುತ್ತು ಬಂತು. ಸಂಸಾರವೆಂದರೆ ಹೆಂಡತಿಯ ಜೊತೆಗಿನದಲ್ಲ, ಕಲ್ಲುಗಳ ಜೊತೆಗಿನದು.

ಮೀಟರಯ್ಯ ಎಂಬುದು ಅವರ ಹೆಸರಲ್ಲ, ಉದ್ಯೋಗ. ನೀರಿನ ಕಚೇರಿಯಲ್ಲಿ ಮನೆಮನೆ ಸುತ್ತಿ ಮೀಟರು ಓದಿ ಬರೆದುಕೊಂಡು ಬರುವ ಕೆಲಸ. ಮೀಟರುಗಳೆಲ್ಲ ಗೇಟಿನ ಪಕ್ಕದ ಗುಂಡಿಯಲ್ಲೋ ಪೊದೆಯ ಮರೆಯಲ್ಲೋ ಇರುವುದರಿಂದ ದಿನವಿಡೀ ಬಗ್ಗಿಯೇ ಇರಬೇಕು. ಬಗ್ಗಿದವರ ಕಣ್ಣಿಗೆ ಕಲ್ಲು ಬೀಳುತ್ತದೆ. ಹಾಗೆ ಬಿದ್ದವುಗಳಲ್ಲಿ ಇನ್ನೂರ ಹನ್ನೆರಡು ಅವರ ಚೀಲ ಸೇರಿ, ಚೀಲದಿಂದ ಮನೆ ಸೇರಿ, ಕಿಟಕಿ, ಕಪಾಟು, ಮಂಚದಡಿ, ಬಚ್ಚಲಿನ ಗೂಡು ಎಲ್ಲ ತುಂಬಿದ್ದವು. ಒಂದೊಂದಕ್ಕೂ ಒಂದು ಚೀಟಿ, ಚೀಟಿಯ ಮೇಲೆ ತಾರೀಕು ಮತ್ತು ಸಿಕ್ಕಿದ ಜಾಗ.

ಬೆರಳಿಗೆ ಬಡಿದ ಕಲ್ಲು ಮಾತ್ರ ಎಲ್ಲದರಂತಲ್ಲ. ಪುಟ್ಟ ಮಗುವಿನ ತಲೆಯಷ್ಟು ಗುಂಡಗೆ, ಮಣ್ಣಿನ ಬಣ್ಣಕ್ಕೆ, ನೋಡಲು ಏನೇನೂ ಅಲ್ಲ. ಆದರೆ ಎತ್ತಿದರೆ ಅಂದಾಜಿಗಿಂತ ಹಗುರ. ಬೆರಳ ಗೆಣ್ಣಿನಿಂದ ಕುಟ್ಟಿದರೆ ಒಳಗಿನಿಂದ ಯಾರೋ ‘ಯಾರದು?’ ಎಂದಂತೆ ಒಂದು ಟೊಳ್ಳು ಸದ್ದು. ಒಳಗೆ ಪೊಳ್ಳಿದೆ, ಪೊಳ್ಳಿನ ತುಂಬ ಹರಳುಗಳಿವೆ ಎಂದು ಮೀಟರಯ್ಯ ಹನ್ನೊಂದು ವರ್ಷದಿಂದ ಹೇಳುತ್ತಿದ್ದರು. ಬಂದವನು ಹೊರಡುವ ಮಾತೇ ಎತ್ತುವುದಿಲ್ಲವೆಂದು ಹೆಂಡತಿ ಅದಕ್ಕೆ ‘ನೆಂಟ’ ಎಂದು ಹೆಸರಿಟ್ಟಿದ್ದಳು.

“ನೋಡಿ,” ಎಂದಳು ಬೆರಳಿಗೆ ಮುಲಾಮು ಹಚ್ಚಿಕೊಳ್ಳುತ್ತ. “ನಮ್ಮಣ್ಣನ ಹೊಸ ಮನೆ ಹಿತ್ತಲಲ್ಲಿ ಒಂದು ದೊಡ್ಡ ಗುಂಡಿ ಇದೆ. ತುಂಬೋಕೆ ಕಲ್ಲು ಬೇಕು ಅಂತಿದ್ದ. ಬುಧವಾರ ಸಂಜೆ ಐದಕ್ಕೆ ವ್ಯಾನ್ ತಗೊಂಡು ಬಾ ಅಂತ ಹೇಳಿದೀನಿ.”

“ನನ್ನ ಕಲ್ಲು ಗುಂಡಿಗಾ?”

“ಒಳಗಿದೆ ಒಳಗಿದೆ ಅಂತ ಹನ್ನೊಂದು ವರ್ಷದಿಂದ ಕೇಳ್ತಾನೇ ಇದೀನಿ. ಇದ್ರೆ ತೋರ್ಸಿ. ಬುಧವಾರ ಐದು ಗಂಟೆಗೆ ಅಣ್ಣನ ಮುಂದೆ ಈ ನೆಂಟನ ಹೊಟ್ಟೇಲಿ ಹೊಳೆಯೋದು ಏನಾದ್ರೂ ಇದೆ ಅಂತ ತೋರ್ಸಿದ್ರೆ ಮನೇಲಿ ಒಂದು ಕಲ್ಲೂ ಅಲ್ಲಾಡಲ್ಲ. ಇದು ನನ್ನ ಮಾತು. ತೋರ್ಸಲಿಲ್ಲ ಅಂದ್ರೆ ಇನ್ನೂರ ಹನ್ನೆರಡೂ ವ್ಯಾನಿಗೆ.”

“ಅಷ್ಟು ಬೇಗ ಹೇಗೆ ಕಣೇ?”

“ಸುತ್ತಿಗೆ ಇದೆಯಲ್ಲ.”

ಸುತ್ತಿಗೆಯ ಒಂದೇಟಿಗೆ ಹರಳೆಲ್ಲ ಪುಡಿಯಾಗುತ್ತದೆ. ಅಂಥ ಕಲ್ಲನ್ನು ಒಡೆಯಬಾರದು, ಕೊಯ್ಯಬೇಕು. ಕೊಯ್ಯಲು ಗರಗಸ ಬೇಕು. ಗರಗಸದ ಬಿಡಿಭಾಗಗಳು ಅಡಿಗೆಮನೆಯ ಹಿಂದಿನ ಸಾಮಾನು ಕೋಣೆಯಲ್ಲಿ ಎರಡು ವರ್ಷದಿಂದ ಮೂಲೆ ಹಿಡಿದು ಕೂತಿದ್ದವು. ಕೂತಲ್ಲಿ ಕೂರಲಾರದ, ಒಂದು ಕೆಲಸ ಮುಗಿಸುವ ಮೊದಲೇ ಇನ್ನೊಂದಕ್ಕೆ ಕೈ ಹಾಕುವ ಮೀಟರಯ್ಯ, ಜೀವಮಾನದಲ್ಲಿ ಮೊದಲ ಸಲ ಮೂರು ಸಂಜೆ ಒಂದೇ ಕೆಲಸಕ್ಕೆ ಅಂಟಿಕೊಂಡರು.

ಸತ್ತ ವಾಷಿಂಗ್ ಮೆಷಿನ್ನಿನ ಮೋಟಾರು, ಅದರಿಂದ ಗಾಲಿಗೆ ಒಂದು ಬೆಲ್ಟು, ಗಾಲಿಯ ಅಚ್ಚಿಗೆ ಊಟದ ತಟ್ಟೆಯಷ್ಟಗಲದ ಬ್ಲೇಡು. ಬ್ಲೇಡಿನ ಅಂಚಿಗೆ ವಜ್ರದ ಪುಡಿ ಕೂರಿಸಿರುತ್ತದೆ ಎಂದು ಅವರು ಹೆಮ್ಮೆಯಿಂದ ಹೇಳಿದಾಗ ಹೆಂಡತಿ, “ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮನೆಗೆ ವಜ್ರ ತಂದಿರಿ, ಅದೂ ಕಲ್ಲಿಗೆ,” ಎಂದು ಒಳಗೆ ಹೋಗಿದ್ದಳು. ಬ್ಲೇಡು ಕಾಯದಂತೆ ಕೆಳಗೊಂದು ನೀರಿನ ಟಬ್ಬು. ಕಲ್ಲನ್ನು ಕಚ್ಚಿ ಹಿಡಿಯಲು ಎರಡು ಮರದ ತುಂಡು, ನಾಲ್ಕು ಬೋಲ್ಟು. ಅವು ಕೂತಿದ್ದು ಹಳೇ ಮೇಜಿನ ಡ್ರಾಯರು ಜಾರುವ ಕಂಬಿಗಳ ಮೇಲೆ. ಕಲ್ಲನ್ನು ಬ್ಲೇಡಿಗೆ ಕೈಯಿಂದ ತಳ್ಳಬಾರದು, ತಳ್ಳಿದರೆ ಬ್ಲೇಡು ಬಾಗುತ್ತದೆ. ಅದಕ್ಕೇ ಒಂದು ಹಗ್ಗ ಕಟ್ಟಿ, ಹಗ್ಗದ ತುದಿಗೆ ಮರಳು ತುಂಬಿದ ಡಬ್ಬಿ ಇಳಿಬಿಟ್ಟಿದ್ದರು. ಡಬ್ಬಿ ಎಳೆಯುತ್ತದೆ, ಕಲ್ಲು ಕೂದಲೆಳೆಯಷ್ಟೇ ಮುಂದೆ ಜಾರುತ್ತದೆ, ಬ್ಲೇಡು ಕೊಯ್ಯುತ್ತದೆ. ನೆಂಟನ ಗಾತ್ರಕ್ಕೆ ನಾಲ್ಕು ಗಂಟೆ ಬೇಕೆಂದು ಅವರ ಲೆಕ್ಕ.

ಬುಧವಾರ ರಜೆ ಹಾಕಿ, ಬೆಳಗ್ಗೆ ಒಂಬತ್ತೂವರೆಗೆ ಮೀಟರಯ್ಯ ಸ್ವಿಚ್ಚು ಒತ್ತಿದರು.

ಸದ್ದು ಹೇಗಿತ್ತೆಂದರೆ, ಅಡಿಗೆಮನೆಯಲ್ಲಿ ಚಮಚಗಳು ತಾವಾಗಿಯೇ ಒಂದರ ಮೇಲೊಂದು ಹತ್ತಿದವು. ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಬಂದು ಏನೋ ಹೇಳಿದಳು. ಮೀಟರಯ್ಯನವರಿಗೆ ಕೇಳಿಸಲಿಲ್ಲ, ಕೇಳಿಸಿದಂತೆ ತಲೆಯಾಡಿಸಿದರು. ಆಮೇಲೆ ತಿಳಿದದ್ದು, “ನಿಮಗೆ ತಲೆ ಕೆಟ್ಟಿದೆಯಾ?” ಎಂದು ಕೇಳಿದ್ದಳಂತೆ.

ಐದು ನಿಮಿಷಕ್ಕೆ ಪಕ್ಕದ ಮನೆಯ ದರ್ಜಿ ಬಂದ. ಕುತ್ತಿಗೆಯಲ್ಲಿ ಟೇಪು, ಕೈಯಲ್ಲಿ ಅರ್ಧ ಹೊಲಿದ ಅಂಗಿ.

“ಮೀಟರ್ ಸಾರ್, ಏನಿದು? ಗೋಡೆ ನಡುಗಿ ಸೂಜಿ ಕುಣೀತಿದೆ! ನೋಡಿ ಈ ಕಾಲರು, ಹಾವು ಹರಿದ ಹಾಗಿದೆ. ಗಿರಾಕಿಗೆ ಏನು ಹೇಳ್ಲಿ?”

“ಹೊಸ ಫ್ಯಾಷನ್ ಅಂತ ಹೇಳಪ್ಪ, ಬರೀ ನಾಲ್ಕು ಗಂಟೆ!”

ದರ್ಜಿ ಜಗಳಕ್ಕೆ ಇನ್ನೊಂದು ಹೆಜ್ಜೆ ಮುಂದಿಟ್ಟವನು ಬೆಲ್ಟು ನೋಡಿ ನಿಂತುಬಿಟ್ಟ. “ಇಷ್ಟು ಸಡಿಲ ಇಟ್ರೆ ಹೇಗೆ ಸಾರ್? ಜಾರುತ್ತೆ,” ಎಂದ. ಹೊಲಿಗೆ ಯಂತ್ರದ ಬೆಲ್ಟಿನ ಜೊತೆ ಮೂವತ್ತು ವರ್ಷ ಬಾಳಿದವನು. ಅಂಗಿಯನ್ನು ಮೊಳೆಗೆ ನೇತುಹಾಕಿ ಅಲ್ಲೇ ಕೂತ. ಗರಗಸದ ಪಕ್ಕ ಒಮ್ಮೆ ಕೂತವರು ಏಳುವುದು ಕಷ್ಟ.

ಅವನ ಹಿಂದೆಯೇ ಕಟ್ಟಡದ ಸಂಘದ ಕಾರ್ಯದರ್ಶಿ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು, ಮುಖದಲ್ಲಿ ಹದಿನೆಂಟು ನಿಯಮ.

“ಮೀಟರಯ್ಯನೋರೇ, ನಾನು ಕೂಗಾಡೋ ಮನುಷ್ಯ ಅಲ್ಲ. ಸಾಕ್ಷಿ ಇಲ್ದೆ ಕ್ರಮಾನೂ ತಗೊಳ್ಳಲ್ಲ,” ಎಂದು ಕೂಗಿ, ಜೇಬಿನಿಂದ ಫೋನು ತೆಗೆದು ರೆಕಾರ್ಡು ಒತ್ತಿದರು. “ಹತ್ತು ನಿಮಿಷ. ಹತ್ತು ನಿಮಿಷದ ಸದ್ದನ್ನ ಸಭೆ ಮುಂದೆ ಇಡ್ತೀನಿ. ಆಮೇಲೆ ನೀವುಂಟು, ಸಭೆ ಉಂಟು.”

ಟಬ್ಬಿನ ಮೇಲೆ ಕೈ ಚಾಚಿ ಫೋನು ಹಿಡಿದು, ಅಲುಗಾಡದೆ ನಿಂತರು. ಪ್ಯಾಂಟಿಗೆ ಬೂದು ಬಣ್ಣದ ನೀರು ಚಿಮ್ಮುತ್ತಿದ್ದರೂ ಕರ್ತವ್ಯ ಬಿಡಲಿಲ್ಲ.

ಎಂಟನೇ ನಿಮಿಷಕ್ಕೆ ಸದ್ದು ಬದಲಾಯಿತು. ಅಲ್ಲಿಯವರೆಗೆ ಕರ್ರ್ ಕರ್ರ್ ಎನ್ನುತ್ತಿದ್ದ ಕಲ್ಲು ಇದ್ದಕ್ಕಿದ್ದಂತೆ ಗುಂಯ್ ಎಂದು ಹಾಡತೊಡಗಿತು. ಖಾಲಿ ಕೊಡಕ್ಕೆ ಬಾಯಿಟ್ಟು ಗುನುಗಿದಂತೆ ದಪ್ಪನೆಯ, ಒಂದೇ ಸಮನೆಯ ಸದ್ದು. ಮೀಟರಯ್ಯ ಕೂತಲ್ಲಿಂದ ಚಿಮ್ಮಿ ಎದ್ದರು.

“ಒಳಗೆ ಹೋಯ್ತು! ಒಳಗೆ ಹೋಯ್ತು! ಟೊಳ್ಳಿದೆ, ನಾನು ಹೇಳಿರ್ಲಿಲ್ವಾ!”

“ಶ್! ರೆಕಾರ್ಡ್ ಆಗ್ತಿದೆ,” ಎಂದರು ಕಾರ್ಯದರ್ಶಿ. ಹತ್ತು ನಿಮಿಷ ತುಂಬಿದ ಕೂಡಲೇ ಅದಕ್ಕೆ ‘ದೂರು’ ಎಂದು ಹೆಸರು ಹಾಕಿ ಫೋನನ್ನು ಜೇಬಿಗಿಳಿಸಿ, ನಿಯಮ ಹೇಳಲು ಬಾಯಿ ತೆರೆದವರು ತೆರೆದೇ ನಿಂತರು. ದರ್ಜಿಯೂ ಕತ್ತು ಮೇಲೆತ್ತಿದ.

ಮೇಲಿನ ಮನೆಯಿಂದ ಏನೂ ಕೇಳಿಸುತ್ತಿರಲಿಲ್ಲ.

ಇದು ಸಣ್ಣ ಸಂಗತಿಯಲ್ಲ. ಮೇಲಿನ ಮನೆಯ ಅಜ್ಜಿಯ ಮಗಳು ಹೆರಿಗೆಗೆ ಬಂದು ನಲವತ್ತು ದಿನವಾಗಿತ್ತು. ಅದರಲ್ಲಿ ಕಳೆದ ಹನ್ನೊಂದು ದಿನ ಕೂಸು ಅತ್ತಿದ್ದೇ ಅತ್ತಿದ್ದು. ಡಾಕ್ಟರು ನೋಡಿ ಏನೂ ತೊಂದರೆಯಿಲ್ಲ ಎಂದಿದ್ದರು. ಕೂಸಿಗೆ ತೊಂದರೆಯಿರಲಿಲ್ಲ, ತೊಂದರೆಯಿದ್ದದ್ದು ಉಳಿದವರಿಗೆ. ಇಡೀ ಕಟ್ಟಡ ನಿದ್ದೆಗೆಟ್ಟು ಓಡಾಡುತ್ತಿತ್ತು. ಫೋನಿನಿಂದ ಏನೋ ಕಿರಣ ಬರುತ್ತದೆ, ಅದಕ್ಕೇ ಮಗು ಅಳುತ್ತದೆ ಎಂದು ಅಜ್ಜಿ ಬಾಗಿಲಲ್ಲಿ ಒಂದು ತಗಡಿನ ಡಬ್ಬಿ ಇಟ್ಟಿದ್ದರು. ನೋಡಲು ಬಂದವರೆಲ್ಲ ಫೋನನ್ನು ಅದರಲ್ಲಿ ಹಾಕಿಯೇ ಒಳಗೆ ಕಾಲಿಡಬೇಕು. ಆದರೂ ಕೂಸು ಅಳು ನಿಲ್ಲಿಸಿರಲಿಲ್ಲ.

ಮೆಟ್ಟಿಲಲ್ಲಿ ಅಜ್ಜಿ ಕಾಣಿಸಿಕೊಂಡರು. ಬರಿಗಾಲು, ಕೆದರಿದ ಕೂದಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಮೀಟರಯ್ಯ ಸ್ವಿಚ್ಚಿನ ಕಡೆ ಕೈ ಚಾಚಿದರು.

“ಮುಟ್ಟಿದ್ರೆ ನೋಡು!” ಎಂದು ಅಜ್ಜಿ ಪಿಸುಗುಟ್ಟಿದರು. ಆ ಸದ್ದಿನಲ್ಲೂ ಪಿಸುಮಾತು ಎಲ್ಲರಿಗೂ ಕೇಳಿಸಿತು. “ಮಲಗಿದೆ. ಮಗೂನೂ ಮಲಗಿದೆ, ಮಗಳೂ ಮಲಗಿದಾಳೆ. ಹಾಲಿನ ಲೋಟ ಕೈಯಲ್ಲಿ ಹಿಡ್ಕೊಂಡೇ ಮಲಗಿಬಿಟ್ಟಿದಾಳಪ್ಪ. ನಿಲ್ಲಿಸಬೇಡ.”

ಅಲ್ಲಿಂದ ಮುಂದೆ ಗರಗಸ ಮೀಟರಯ್ಯನವರದಾಗಿ ಉಳಿಯಲಿಲ್ಲ. ಇಡೀ ಕಟ್ಟಡ ಒಬ್ಬೊಬ್ಬರಾಗಿ ಮೇಲೆ ಹೋಗಿ, ಫೋನನ್ನು ಡಬ್ಬಿಗೆ ಹಾಕಿ, ಮಲಗಿದ ಕೂಸನ್ನು ತುದಿಗಾಲಲ್ಲಿ ನೋಡಿ ಬಂತು. ಕೂಸು ಎದ್ದೀತೆಂದು ಅಜ್ಜಿ ಸಂಜೆಯವರೆಗೆ ಯಾರ ಫೋನನ್ನೂ ವಾಪಸು ಕೊಡಲಿಲ್ಲ. ಹೆಂಡತಿಯಂತೂ ತೊಟ್ಟಿಲ ಬಳಿ ಕಾವಲಿಗೆ ಕೂತವಳು ಕೆಳಗೆ ಇಳಿಯಲೇ ಇಲ್ಲ. ದೂರು ಹೇಳಲು ಬಂದಿದ್ದ ಕಾರ್ಯದರ್ಶಿ ಈಗ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಂತ್ರ ನಿಲ್ಲದಂತೆ ನೋಡಿಕೊಳ್ಳುವ ಮೇಲ್ವಿಚಾರಣೆ ವಹಿಸಿಕೊಂಡರು.

“ಒಂದು ನಿಮಿಷ ನಿಲ್ಲಿಸಿ ಬ್ಲೇಡ್ ನೋಡ್ತೀನಿ ಸಾರ್,” ಎಂದರು ಮೀಟರಯ್ಯ.

“ಆಗೋದಿಲ್ಲ.”

“ಬಿಸಿಯಾಗಿದೆ.”

“ನೀವೂ ಬಿಸಿಯಾಗಿದೀರಿ. ನಿಮ್ಮನ್ನ ನಿಲ್ಲಿಸಿದ್ವಾ?”

ಹನ್ನೆರಡರ ಹೊತ್ತಿಗೆ ಬೆಲ್ಟು ಸುಟ್ಟ ವಾಸನೆ ಬಂತು. ದರ್ಜಿ ಓಡಿಹೋಗಿ ತನ್ನ ಹೊಲಿಗೆ ಯಂತ್ರದ ಬೆಲ್ಟನ್ನೇ ಬಿಚ್ಚಿಕೊಂಡು ಬಂದ. ಮೂವತ್ತು ಎಣಿಸುವುದರೊಳಗೆ ಇಬ್ಬರೂ ಸೇರಿ ಅದನ್ನು ಹಾಕಿದರು. ಇಪ್ಪತ್ತೆಂಟಕ್ಕೆ ಮೇಲಿನಿಂದ ಒಂದು ಸಣ್ಣ ‘ಙೇ’ ಕೇಳಿಸಿ ಎಲ್ಲರ ಜೀವ ಬಾಯಿಗೆ ಬಂತು. ಮೂವತ್ತಕ್ಕೆ ಗುಂಯ್ ಶುರುವಾಯಿತು, ‘ಙೇ’ ಅಡಗಿತು. ಮೀಟರಯ್ಯನವರಿಗೆ ಊಟ ಮಾಡಬೇಕು ಎನ್ನಿಸಿತು, ಎದ್ದರು, ಕೂತರು, ಡಬ್ಬಿ ಎಷ್ಟು ಇಳಿದಿದೆ ಎಂದು ಬಗ್ಗಿ ನೋಡಿದರು, ಮತ್ತೆ ಎದ್ದರು. ಹನ್ನೊಂದು ವರ್ಷ ಕಾದವರಿಗೆ ಕೊನೆಯ ಎರಡು ಬೆರಳಗಲ ಕಾಯುವುದು ಆಗುತ್ತಿರಲಿಲ್ಲ.

ಮಧ್ಯಾಹ್ನ ಒಂದು ನಲವತ್ತಕ್ಕೆ ‘ಟಕ್’ ಎಂದಿತು. ಮರಳಿನ ಡಬ್ಬಿ ಧೊಪ್ಪನೆ ನೆಲ ಮುಟ್ಟಿತು. ಕಲ್ಲು ಎರಡು ಹೋಳಾಗಿತ್ತು.

ಯಾರು ಏನೆನ್ನುತ್ತಾರೆಂದು ನೋಡದೆ ಮೀಟರಯ್ಯ ಸ್ವಿಚ್ಚು ಆರಿಸಿದರು. ಬೋಲ್ಟು ಸಡಿಲಿಸಿದರು. ಒಂದು ಹೋಳನ್ನು ಚೊಂಬಿನ ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದರು.

ಇತ್ತು. ಒಳಗೋಡೆಯ ತುಂಬ ಕಲ್ಲುಸಕ್ಕರೆ ಅಂಟಿಸಿದಂತೆ ಹರಳುಗಳು, ಒಂದರ ಹೆಗಲ ಮೇಲೊಂದು. ಬುಡದಲ್ಲಿ ಬಿಳಿ, ತುದಿಯಲ್ಲಿ ತಿಳಿ ನೇರಳೆ. ಕಿಟಕಿಯ ಬಿಸಿಲು ಒಳಗೆ ಹೋಗಿ ಹೊರಬರಲು ಮನಸ್ಸಿಲ್ಲದೆ ಅಲ್ಲೇ ತಿರುಗುತ್ತಿತ್ತು. ಸಾವಿರಾರು ವರ್ಷ ಯಾರೂ ನೋಡದ ಒಂದು ಕೋಣೆಯನ್ನು ಮೊದಲು ನೋಡಿದವರು ತಾವು ಎಂದು ಹೊಳೆದು ಮೀಟರಯ್ಯನವರ ಕಣ್ಣು ತುಂಬಿತು. ಜೀವನದಲ್ಲಿ ಅಷ್ಟು ಸಂತೋಷ ಅವರಿಗೆ ಆಗಿರಲಿಲ್ಲ.

ಆ ಸಂತೋಷ ಮೂರು ನಿಮಿಷವಿತ್ತು. ಆಮೇಲೆ ಮೇಲಿನಿಂದ ಅಳು ಬಂತು. ಹನ್ನೊಂದು ದಿನದ ಅಳುವಿನ ಜೊತೆಗೆ, ನಾಲ್ಕು ಗಂಟೆ ಉಳಿಸಿಟ್ಟಿದ್ದೂ ಸೇರಿ ಬಂತು.

“ಹಾಕಿ, ಹಾಕಿ!” ಎನ್ನುತ್ತ ಎಲ್ಲರೂ ಸಾಮಾನು ಕೋಣೆಗೆ ನುಗ್ಗಿದರು.

“ಸ್ವಲ್ಪ ಇದನ್ನ ನೋಡಿ, ಯಾರಾದ್ರೂ ಒಂದು ಫೋಟೋ ತೆಗೀರಿ,” ಎಂದು ಮೀಟರಯ್ಯ ಹೋಳನ್ನು ಎತ್ತಿ ಹಿಡಿದರು. ಅವರದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ಕ್ಯಾಮೆರಾ ಇಲ್ಲ. ಉಳಿದವರ ಫೋನುಗಳೆಲ್ಲ ಅಜ್ಜಿಯ ಡಬ್ಬಿಯಲ್ಲಿ.

“ಕೂಸು ಉಸಿರು ಕಟ್ಟಿ ಅಳ್ತಿದೆ, ಇವನಿಗೆ ಫೋಟೋ!” ಎಂದರು ಅಜ್ಜಿ. ದರ್ಜಿಯೊಬ್ಬ ಮಾತ್ರ ಬಗ್ಗಿ ನೋಡಿ, “ಚೆನ್ನಾಗಿದೆ ಸಾರ್, ಬಟನ್ನಿಗೆ ಆಗುತ್ತೆ,” ಎಂದ.

ಮೊದಲು ಬರೀ ಗರಗಸ ಓಡಿಸಿದರು. ಕೂಸು ಒಪ್ಪಲಿಲ್ಲ. ಬಚ್ಚಲಿನ ಗೂಡಿನಿಂದ ಒಂದು ಕರಿಕಲ್ಲು ತಂದು ಹಾಕಿದರು. ಅದು ಕೀಚೆಂದು ಕಿರುಚಿ ಕೂಸಿನ ಜೊತೆಗೆ ಬೀದಿಯ ನಾಯಿಗಳನ್ನೂ ಎಬ್ಬಿಸಿತು. ಕಿಟಕಿಯ ಮೇಲಿನ ಒಂದು ಕೆಂಪು ಕಲ್ಲು ಸದ್ದೇ ಮಾಡದೆ ಬೆಣ್ಣೆಯಂತೆ ಕೊಯ್ಯಿಸಿಕೊಂಡಿತು. ಇನ್ನೂ ಐದು ಕಲ್ಲು ನೋಡಿದರು. ಕೂಸಿಗೆ ಬೇಕಾದದ್ದು ಟೊಳ್ಳು ಕಲ್ಲಿನ ಗುಂಯ್, ಬೇರೆ ಯಾವುದೂ ಅಲ್ಲ. ಇನ್ನೂರ ಹನ್ನೆರಡರಲ್ಲಿ ಟೊಳ್ಳು ಇದ್ದದ್ದು ಒಂದೇ.

ಎಲ್ಲರೂ ಮೀಟರಯ್ಯನವರ ಕೈಯನ್ನು ನೋಡಿದರು.

“ಇದಲ್ಲ,” ಎಂದರು ಅವರು. “ಐದು ಗಂಟೆಗೆ ಇದನ್ನ ನಮ್ಮ ಭಾವನಿಗೆ ತೋರಿಸ್ಬೇಕು. ತೋರಿಸ್ಲಿಲ್ಲ ಅಂದ್ರೆ ಕಲ್ಲೆಲ್ಲ ಗುಂಡಿಗೆ ಹೋಗುತ್ತೆ.”

“ಎರಡು ಹೋಳಿದೆಯಲ್ಲ,” ಎಂದರು ಕಾರ್ಯದರ್ಶಿ ನ್ಯಾಯಾಧೀಶರ ಗತ್ತಿನಲ್ಲಿ. “ಒಂದು ಕೂಸಿಗೆ, ಒಂದು ಭಾವನಿಗೆ.”

ತೋರಿಸಲು ಒಂದು ಸಾಕಲ್ಲ ಎಂದು ಮೀಟರಯ್ಯ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಒಂದು ಹೋಳನ್ನು ಹಳೇ ಟವಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟು, ಇನ್ನೊಂದನ್ನು ಬೋಲ್ಟಿಗೆ ಸಿಕ್ಕಿಸಿ ಮುಖ ಆ ಕಡೆ ತಿರುಗಿಸಿಕೊಂಡು ಸ್ವಿಚ್ಚು ಒತ್ತಿದರು. ಗುಂಯ್ ಎಂದಿತು. ಅಳು ನಿಂತಿತು. ಆ ನಡುಕಕ್ಕೆ ಹರಳುಗಳು ಒಂದೊಂದಾಗಿ ಕಳಚಿ ಟಬ್ಬಿಗೆ ಬೀಳುವ ಸದ್ದನ್ನು ಅವರೊಬ್ಬರೇ ಕೇಳಿಸಿಕೊಂಡರು. ಹೋಗಲಿ, ಆಮೇಲೆ ಕೆಸರು ಸೋಸಿ ಆರಿಸಿಕೊಂಡರಾಯಿತು ಅಂದುಕೊಂಡರು.

ಮೂರೂಕಾಲಿಗೆ ಆ ಹೋಳು ಹಿಡಿಯಲು ಬಾರದಷ್ಟು ಸಣ್ಣ ಚೂರುಗಳಾಗಿ ಒಡೆದುಹೋಯಿತು. ಅಳು ಮತ್ತೆ ಶುರುವಾಯಿತು. ಈ ಸಲ ಯಾರೂ ನುಗ್ಗಿ ಬರಲಿಲ್ಲ. ಬಂದದ್ದು ಬಾಣಂತಿ ಒಬ್ಬಳೇ. ಮೆಟ್ಟಿಲಿಳಿದು ಬಂದು, ಕೊನೆಯ ಮೆಟ್ಟಿಲ ಮೇಲೆ ಕೂತಳು. ಕಣ್ಣ ಸುತ್ತ ಕಪ್ಪು, ಕೆನ್ನೆಯ ಮೇಲೆ ತಲೆದಿಂಬಿನ ಗೆರೆ.

“ಅಂಕಲ್, ಹನ್ನೊಂದು ದಿನದಲ್ಲಿ ಇವತ್ತೇ ನಾನು ಮಲಗಿದ್ದು,” ಎಂದಳು. “ಕನಸು ಕೂಡ ಬಿತ್ತು.” ಅಷ್ಟೇ. ಏನನ್ನೂ ಕೇಳಲಿಲ್ಲ. ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ಕೇಳಿದ್ದರೆ ಮೀಟರಯ್ಯ ಇಲ್ಲವೆನ್ನುತ್ತಿದ್ದರೋ ಏನೋ. ಕೇಳದವರಿಗೆ ಇಲ್ಲವೆನ್ನುವುದು ಹೇಗೆ? ಅವರು ಕೋಣೆಯೊಳಗೆ ಎರಡು ಸುತ್ತು ಹಾಕಿದರು, ಗಡಿಯಾರ ನೋಡಿದರು, ಕಪಾಟು ನೋಡಿದರು, ಮೆಟ್ಟಿಲು ನೋಡಿದರು. ಆಮೇಲೆ ಟವಲನ್ನು ಕೆಳಗಿಳಿಸಿ, ಬಿಚ್ಚಿ, ಹರಳುಗಳನ್ನು ಕೊನೆಯ ಸಲ ಬಿಸಿಲಿಗೆ ಹಿಡಿದು, ತಾವೇ ಬೋಲ್ಟು ಬಿಗಿದರು.

ನಾಲ್ಕು ಐವತ್ತಕ್ಕೆ ಕೊನೆಯ ಚೂರು ಬ್ಲೇಡಿಗೆ ಸಿಕ್ಕಿ ಚಟ್ಟೆಂದು ಸಿಡಿಯಿತು. ಮೀಟರಯ್ಯ ಮೊಣಕಾಲೂರಿ, ತೋಳು ಮೇಲೇರಿಸಿ, ಟಬ್ಬಿನೊಳಗೆ ಕೈ ಹಾಕಿದರು. ಟಬ್ಬಿನಲ್ಲಿ ತಿಳಿನೀರಿತ್ತು.

“ಕೆಸರು ಎಲ್ಲಿ?”

“ಎರಡು ಸಲ ಬದಲಾಯಿಸಿದೆ ಸಾರ್,” ಎಂದ ದರ್ಜಿ, ಹೊಗಳಿಕೆಗೆ ಕಾದು. “ಗಟ್ಟಿಯಾಗಿಬಿಟ್ಟಿತ್ತು. ಎಲ್ಲಾ ಚರಂಡಿಗೆ ಸುರಿದು ಟಬ್ ತೊಳೆದು ಹೊಸ ನೀರು ಹಾಕಿದೀನಿ. ನೀವು ಬೇಜಾರಲ್ಲಿ ಆ ಕಡೆ ತಿರುಗಿದ್ರಲ್ಲ, ಯಾಕೆ ತೊಂದರೆ ಕೊಡೋದು ಅಂತ ಹೇಳಲಿಲ್ಲ.”

ಮೀಟರಯ್ಯ ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೆಯೇ ಕೂತರು. ಮೇಲೆ ಕೂಸು ಎದ್ದು ಅಳತೊಡಗಿತು. ಹೊರಗೆ ವ್ಯಾನು ಬಂದು ನಿಂತಿತು.

ಭಾವ ಹೇಳಿದ ಹೊತ್ತಿಗೆ ಸರಿಯಾಗಿ ಬರುವ ಮನುಷ್ಯ. ಕೈಗವಸು ಹಾಕಿಕೊಂಡೇ ಒಳಗೆ ಬಂದರು. ತಂಗಿಯೂ ಮೇಲಿನಿಂದ ಇಳಿದು ಬಂದಳು. ಅವರಿಬ್ಬರ ಹಿಂದೆ, ಡಬ್ಬಿಯಿಂದ ಫೋನು ವಾಪಸು ಪಡೆದುಕೊಂಡ ಕಾರ್ಯದರ್ಶಿ.

“ಎಲ್ಲಿ, ತೋರ್ಸಿ ನಿಮ್ಮ ನೆಂಟನ ಹೊಟ್ಟೇನ,” ಎಂದರು ಭಾವ.

ಮೀಟರಯ್ಯ ಅಂಗೈ ಚಾಚಿದರು. ಒಡೆದ ಹೆಂಚಿನಂಥ ನಾಲ್ಕು ಬೂದು ಚೂರುಗಳಿದ್ದವು. “ಇತ್ತು ಭಾವ. ತುಂಬ ಇತ್ತು. ಬೇಕಾದ್ರೆ ಇವನನ್ನ ಕೇಳಿ.”

“ಹೊಳೀತಿತ್ತು ಸಾರ್, ನಾನೇ ನೋಡಿದೆ,” ಎಂದ ದರ್ಜಿ.

“ಎಲ್ಲಿದೆ ಈಗ?”

“ಚರಂಡೀಲಿ ಸಾರ್. ನಾನೇ ಸುರಿದೆ.”

ಭಾವ ತಂಗಿಯ ಮುಖ ನೋಡಿದರು. ಅವಳು ಗಂಡನ ಮುಖ ನೋಡಿದಳು. “ನಾನು ನಂಬ್ತೀನಿ,” ಎಂದಳು ನಿಧಾನವಾಗಿ. “ಇವರಿಗೆ ಸುಳ್ಳು ಹೇಳೋಕೆ ಬರಲ್ಲ. ಆದ್ರೆ ತೋರಿಸಬೇಕು ಅಂತ ಮಾತಾಗಿತ್ತು. ವ್ಯಾನೂ ಬಂದಿದೆ.”

“ಈ ಕಲ್ಲು ಕೊಯ್ಯೋಕೆ ಇಷ್ಟೆಲ್ಲಾ ರಂಪ ಆಯ್ತಾ?” ಎಂದು ಭಾವ ಕೇಳಿದ್ದೇ ತಪ್ಪಾಯಿತು. ಕೂಸಿನ ಅಳುವಿಗೆ ಮೊದಲೇ ತಲೆ ಸಿಡಿಯುತ್ತಿದ್ದ ಕಾರ್ಯದರ್ಶಿಗೆ ತಾವು ಬೆಳಗ್ಗೆ ಬಂದ ಕೆಲಸ ನೆನಪಾಯಿತು.

“ರಂಪವಾ? ನೀವು ಆ ಸದ್ದು ಕೇಳಿಲ್ಲ ಸ್ವಾಮಿ. ಮನುಷ್ಯರು ಇರೋ ಜಾಗದಲ್ಲಿ ಮಾಡೋ ಸದ್ದಾ ಅದು! ತಾಳಿ, ನನ್ನ ಹತ್ತಿರ ಸಾಕ್ಷಿ ಇದೆ.” ಜೇಬಿನಿಂದ ಫೋನು ತೆಗೆದು, ಸದ್ದು ಪೂರ್ತಿ ಏರಿಸಿ, ‘ದೂರು’ ಒತ್ತಿದರು. ಮೊದಲು ಒಂದಷ್ಟು ಹೊತ್ತು ಕರ್ರ್ ಎಂದಿತು. “ಇದು ಏನೂ ಅಲ್ಲ, ಮುಂದೆ ಕೇಳಿ,” ಎಂದು ಬೆರಳಿನಿಂದ ಮುಂದಕ್ಕೆ ಸರಿಸಿದರು. ಗುಂಯ್ ಎಂದು ಕೋಣೆ ತುಂಬಿತು.

ಮೇಲಿನ ಮನೆಯ ಅಳು ಅರ್ಧಕ್ಕೆ ನಿಂತಿತು.

ಕಾರ್ಯದರ್ಶಿ ಫೋನನ್ನು ನೋಡಿದರು, ಸೂರನ್ನು ನೋಡಿದರು. ಪರೀಕ್ಷೆಗೆಂದು ಸದ್ದು ನಿಲ್ಲಿಸಿದರು. ‘ಙೇ’ ಎಂದಿತು. ಮತ್ತೆ ಒತ್ತಿದರು. ಅಡಗಿತು. ಮೀಟರಯ್ಯ ನೆಲದ ಮೇಲೆ ಕೂತಲ್ಲಿಂದಲೇ ಆ ಫೋನಿನತ್ತ ನೋಡುತ್ತಿದ್ದರು. ಬೆಳಗ್ಗೆ ಹತ್ತಕ್ಕೆ ಮೊದಲೇ ಆ ಗುಂಯ್ ಆ ಜೇಬಿನಲ್ಲಿತ್ತು. ನೆಂಟನ ಎರಡು ಹೋಳೂ ಇಡಿಯಾಗಿದ್ದಾಗ ಅದು ಮೇಲಿನ ಡಬ್ಬಿಯಲ್ಲಿತ್ತು.

ಅಜ್ಜಿ ಈ ಸಲ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದು ಕೈ ಚಾಚಿದರು. “ಕೊಡಪ್ಪ ಅದನ್ನ.”

“ಅಜ್ಜಿ, ಫೋನು! ಕಿರಣ ಬರುತ್ತಲ್ಲ?” ಎಂದ ದರ್ಜಿ.

“ಕೆಟ್ಟ ಫೋನಿಂದ ಬರುತ್ತೆ. ಇದು ಒಳ್ಳೇದು,” ಎಂದು ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲೆ ಹೋದರು.

“ಹಾಗಾದ್ರೆ ಇನ್ನು ಯಂತ್ರದ ಅಗತ್ಯ ಬೀಳಲ್ಲ,” ಎಂದರು ಕಾರ್ಯದರ್ಶಿ ಪೆನ್ನು ತೆಗೆದು. “ನಿಯಮದ ಪ್ರಕಾರ ನಾಳೆ ಸಂಜೆಯೊಳಗೆ ಬಿಚ್ಚಿ ತೆಗೀಬೇಕು. ಸಾಕ್ಷಿ ಇದೆ.” ದರ್ಜಿ ತನ್ನ ಬೆಲ್ಟನ್ನು ಬಿಚ್ಚಿಕೊಂಡು, ಮೊಳೆಯ ಮೇಲಿನ ಅಂಗಿಯನ್ನೂ ಎತ್ತಿಕೊಂಡು ಹೊರಟ. ಭಾವ ಕೈಗವಸು ಸರಿಮಾಡಿಕೊಂಡು ಮಂಚದ ಕೆಳಗೆ ಬಗ್ಗಿದರು. ಆರೂವರೆಯ ಹೊತ್ತಿಗೆ ಮನೆಯಲ್ಲಿ ಇನ್ನೂರ ಹನ್ನೆರಡು ಚೀಟಿಗಳು ಮಾತ್ರ ಉಳಿದಿದ್ದವು.

ಹೆಂಡತಿ ಚಹಾ ತಂದು ಪಕ್ಕದಲ್ಲಿ ಕೂತಳು. “ಹೇಗಿತ್ತು ಒಳಗೆ? ಹೇಳಿ,” ಎಂದಳು. ಮೀಟರಯ್ಯ ಹೇಳತೊಡಗಿದರು. ಕಲ್ಲುಸಕ್ಕರೆ ಅಂದರು, ನೇರಳೆ ಅಂದರು. ಅವಳು ಕಿರುಬೆರಳನ್ನು ತಿಕ್ಕಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು.

ಕೂಸು ಈಗ ಚೆನ್ನಾಗಿ ನಿದ್ದೆ ಮಾಡುತ್ತದೆ. ದಿನಕ್ಕೆ ಮೂರು ಸಲ ಮಲಗಿಸುತ್ತಾರೆ. ಮೂರು ಸಲವೂ ಮೀಟರಯ್ಯನವರ ತಲೆಯ ಮೇಲೆ, ಸೂರಿನಾಚೆ, ನೆಂಟನನ್ನು ಮತ್ತೆ ಕೊಯ್ಯುತ್ತಾರೆ. ಮೊದಲು ಎಂಟು ನಿಮಿಷ ಕರ್ರ್, ಮುಂದಕ್ಕೆ ಸರಿಸಲು ಅಜ್ಜಿಗೆ ಬಾರದು. ಆಮೇಲೆ ಗುಂಯ್. ಆಗ ಅವರದೇ ದನಿ, ಹನ್ನೊಂದು ವರ್ಷದ ಸಂತೋಷವನ್ನೆಲ್ಲ ಒಟ್ಟಿಗೆ ತುಂಬಿಕೊಂಡು, “ಒಳಗೆ ಹೋಯ್ತು! ಒಳಗೆ ಹೋಯ್ತು!” ಎಂದು ಕೂಗುತ್ತದೆ. ಊಟಕ್ಕೆ ಕೂತಿರಲಿ, ಪೇಪರು ಓದುತ್ತಿರಲಿ, ಅಷ್ಟು ಕೇಳಿಸಿದ ಕೂಡಲೇ ಮೀಟರಯ್ಯ ಚಿಮ್ಮಿ ಎದ್ದು ನಿಲ್ಲುತ್ತಾರೆ.

“ಕೂತ್ಕೊಳ್ಳಿ,” ಎನ್ನುತ್ತಾಳೆ ಹೆಂಡತಿ. “ಅದು ಇನ್ನೂ ಎರಡು ನಿಮಿಷ ಇದೆ.”